ಮೋಡೆಮ್ಮಿಗೆ ಬುದ್ಧಿ ತುಂಬುವ ಕಾಕಾ

ಕೆಡದೇ ಇರುವ ವಸ್ತುವನ್ನು ರಿಪೇರಿ ಮಾಡುವುದರಲ್ಲಿ ನಮ್ಮ ಕಾಕಾನನ್ನು ಮೀರಿಸುವವರು ಇಡೀ ಪುಣೆಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಬೇಡಿ. ಒಬ್ಬರನ್ನು ಸಂಭಾಳಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಮುಗಿದಿದೆ!

ಕಾಕಾ ಎಂದರೆ ನನ್ನ ಯಜಮಾನರ ಚಿಕ್ಕಪ್ಪ. ಮೂಲತಃ ಗದಗ ಕಡೆಯವರು, ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದು ನಿವೃತ್ತರಾದವರು. ಬಿಬವೇವಾಡಿಯ ನಮ್ಮ ಬಿಲ್ಡಿಂಗಿನಲ್ಲಿ ಅವರದು ಕೆಳಗಿನ ಮನೆ, ನಮ್ಮದು ಮೇಲಿನದು. ಮನೆಯಲ್ಲಿ ಕಾಕಾ, ಕಾಕು ಇಬ್ಬರೇ. ಆಗ ನಾನು ಮಗರಪಟ್ಟಾದ ಒಂದು ಐಟಿ ಆಫೀಸಿಗೆ ಹೋಗುತ್ತಿದ್ದೆ. ಐಟಿ ಎಂದ ಕೂಡಲೇ ಕಣ್ಣರಳಿಸಬೇಡಿ. ಅಲ್ಲಿ ನನ್ನ ಕೆಲಸ ಕ್ಯಾಂಟೀನಿನವರ ಮತ್ತು ಬಸ್ಸಿನವರ ಬಿಲ್ಲು ಪಾಸು ಮಾಡುವುದು. ಅದನ್ನು ಎಷ್ಟು ಸಲ ಹೇಳಿದರೂ ಕಾಕಾನ ತಲೆಗೆ ಹೋಗಲಿಲ್ಲ.

"ಕಾಕಾ, ನಾ ಇಡ್ಲಿ-ವಡಾದ ಬಿಲ್ ನೋಡಾಕಿರಿ. ನನಗ ಮೋಡೆಮ್ ಹೆಂಗ ಗೊತ್ತಾಗಬೇಕು?"

"ಇರ್ಲಿ ಬಿಡವಾ. ಹೂವಿನ ಜೋಡಿ ನಾರೂ ಸ್ವರ್ಗಕ್ಕ ಹೋಗ್ತದ. ಬಾ, ಇದರ ಲೈಟ್ ಯಾಕ ಕೆಂಪಾಗೇದ ನೋಡು."

ಹೀಗೆ ನಾನು ನಾರಾದೆ. ಸಂಜೆ ಬಸ್ಸಿಳಿದು, ಕೈಯಲ್ಲಿ ಮೆಂತ್ಯದ ಕಟ್ಟು ಹಿಡಿದು, ಯಾವಾಗ ಕಾಲು ಚಾಚೇನು ಎಂದುಕೊಂಡು ಬರುತ್ತಿದ್ದರೆ ಮೆಟ್ಟಿಲ ಬುಡದಲ್ಲೇ ಕಾಕಾ ನಿಂತಿರುತ್ತಿದ್ದರು. ನಮ್ಮ ಯಜಮಾನರು ಮಾತ್ರ ಬುದ್ಧಿವಂತರು. ಕಾಕಾನ ಬಾಗಿಲು ದಾಟುವಾಗ ಮೊಬೈಲನ್ನು ಕಿವಿಗೆ ಒತ್ತಿಕೊಂಡು "ಹಾಂ ಸರ್, ಹೌದು ಸರ್" ಎನ್ನುತ್ತ ಮೇಲೆ ಹತ್ತಿಬಿಡುತ್ತಿದ್ದರು. ಆ ಸರ್ ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಈ ಇಬ್ಬರು ವಯಸ್ಸಾದವರಿಗೆ ಇಂಟರ್ನೆಟ್ಟು ಯಾತಕ್ಕೆ ಎಂದು ನೀವು ಕೇಳಬಹುದು. ಅದು ಕಾಕುವಿನ ಸಲುವಾಗಿ. ಕಾಕುವಿನ ಕಿವಿ ವರ್ಷ ವರ್ಷಕ್ಕೆ ಮಂದವಾಗುತ್ತ ಬಂದು, ಕೊನೆಗೆ ಹತ್ತಿರ ನಿಂತು ಒದರಿದರೆ ಮಾತ್ರ ಅಷ್ಟಿಷ್ಟು ಕೇಳುವಂತಾಗಿತ್ತು. ಕಿವಿಗೆ ಮಷೀನು ತಂದದ್ದಾಯಿತು. "ತಲಿಯೊಳಗ ಹಿಟ್ಟಿನ ಗಿರಣಿ ನಡಸಿದಂಗ ಆಗ್ತದ" ಎಂದು ಕಾಕು ಅದನ್ನು ಡಬ್ಬಿಯೊಳಗೆ ಹಾಕಿ ದೇವರ ಮುಂದೆ ಇಟ್ಟರು. ಬಾರಾಮತಿಯಲ್ಲಿ ಅವರ ತಂಗಿ ಇದ್ದಾರೆ, ಸಕ್ಕರೆ ಕಾರ್ಖಾನೆಯ ಗುಮಾಸ್ತರ ಹೆಂಡತಿ. ಮೊದಲು ದಿನಾ ಮಧ್ಯಾಹ್ನ ಅಕ್ಕ-ತಂಗಿ ಫೋನಿನಲ್ಲಿ ಹರಟುತ್ತಿದ್ದರು. ಕಿವಿ ಹೋದ ಮೇಲೆ ಅದೂ ನಿಂತಿತು. ಕಾಕು ಮಂಕಾದರು. ಆಗಲೇ ಕಾಕಾ ಕಂಪ್ಯೂಟರು ತಂದು, ಹೆಂಡತಿಗೆ ಒಂದೊಂದೇ ಬೆರಳಿನಿಂದ ಟೈಪು ಮಾಡಲು ಕಲಿಸಿದರು. ಮಧ್ಯಾಹ್ನ ಮೂರಕ್ಕೆ ಆ ಕಡೆಯಿಂದ ತಂಗಿ, ಈ ಕಡೆಯಿಂದ ಅಕ್ಕ, ಇಂಗ್ಲಿಷ್ ಅಕ್ಷರದಲ್ಲಿ ಗದಗಿನ ಕನ್ನಡ! ಆ ಒಂದು ತಾಸು ತಪ್ಪಿದರೆ ಅಂದು ಕಾಕು ಯಾರ ಜೊತೆಗೂ ನಕ್ಕು ಮಾತಾಡುತ್ತಿರಲಿಲ್ಲ. ಆದ್ದರಿಂದ ಮನೆಯಲ್ಲಿ ಗ್ಯಾಸು ಮುಗಿದರೂ ನಡೆಯುತ್ತಿತ್ತು, ಮೋಡೆಮ್ ಕೆಡುವಂತಿರಲಿಲ್ಲ.

ಮೋಡೆಮ್ಮಿಗೆ ಇದೆಲ್ಲ ಗೊತ್ತಾಗಬೇಕಲ್ಲ! ಅದು ವಾರಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಕಸ್ಟಮರ್ ಕೇರಿಗೆ ಫೋನು ಮಾಡಿದರೆ ಅವರದು ಒಂದೇ ಮಂತ್ರ: "ಬಂದ್ ಕರೂನ್ ಚಾಲೂ ಕರಾ." ಬಂದ್ ಮಾಡಿ ಚಾಲೂ ಮಾಡಿ, ಮಾಡಿ, ಕಾಕಾನ ಹೆಬ್ಬೆರಳಿಗೆ ಆಣಿ ಬರುವುದೊಂದು ಬಾಕಿ. ಒಂದು ದಿನ ಆ ಕಡೆಯವನಿಗೂ ಬೇಸರ ಬಂದಿತ್ತೋ ಏನೋ, "ನಿಮ್ಮ ಮೋಡೆಮ್ಮಿನ ಫರ್ಮ್‌ವೇರ್ ಹಳೆಯದಾಗಿರಬೇಕು, ಅಪ್‌ಡೇಟ್ ಮಾಡಿ" ಎಂದುಬಿಟ್ಟ. ಆ ಪುಣ್ಯಾತ್ಮ ಅವತ್ತು ಒಂದು ದಿನ ರಜೆ ಹಾಕಿದ್ದರೆ ಅವನ ಗಂಟೇನು ಹೋಗುತ್ತಿತ್ತು?

"ಫರ್ಮ್‌ವೇರ್ ಅಂದ್ರ ಮೋಡೆಮ್ಮಿನ ಬುದ್ಧಿ" ಎಂದು ಕಾಕಾ ಅಂದೇ ಸಂಜೆ ನನಗೆ ಪಾಠ ಮಾಡಿದರು. "ಡಬ್ಬಿ ಅದೇ ಇರ್ತದ. ಒಳಗಿನ ಬುದ್ಧಿ ತಗದು ಹೊಸಾದು ತುಂಬೋದು. ತಿಳೀತೇನು?"

"ಈ ಅನುಕೂಲ ಗಂಡಸರಿಗೂ ಇದ್ದಿದ್ರ ಭಾಳ ಛೊಲೊ ಇತ್ತು ನೋಡ್ರಿ, ಕಾಕಾ."

ಅವರಿಗೆ ಇಂಥ ಮಾತು ಕೇಳಿಸುವುದಿಲ್ಲ. ಕಿವುಡು ಕಾಕುವಿಗೆ ಮಾತ್ರವೇ ಎಂದು ನನಗೆ ಎಷ್ಟೋ ಸಲ ಅನುಮಾನ ಬಂದದ್ದುಂಟು.

ಅಲ್ಲಿಂದ ಶುರುವಾಯಿತು. ಮಳೆ ಬಂದು ಲೈನಿನಲ್ಲಿ ಗರಗರ ಎಂದರೂ ಫರ್ಮ್‌ವೇರ್ ಹಳೆಯದಾಗಿತ್ತು. ಇಲಿ ವೈರು ಕಡಿದರೂ ಫರ್ಮ್‌ವೇರ್ ಹಳೆಯದಾಗಿತ್ತು. ಒಮ್ಮೆ ಪೂರ್ತಿ ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ಬುದ್ಧಿ ಬದಲಿಸುವ ಸಿದ್ಧತೆ ನಡೆಸಿದರು. ಮಧ್ಯಾಹ್ನದ ಹೊತ್ತಿಗೆ ನೋಡಿದರೆ ಕಾಕು ಮಿಕ್ಸರ್ ಹಚ್ಚಲು ಮೋಡೆಮ್ಮಿನ ಪ್ಲಗ್ಗನ್ನೇ ಕಿತ್ತಿಟ್ಟಿದ್ದರು! ನಾನು ಹಣೆ ಹಣೆ ಚಚ್ಚಿಕೊಂಡೆ. ಕಾಕಾ ಗಂಭೀರವಾಗಿ, "ಹೊಸ ಫರ್ಮ್‌ವೇರ್ ಇದ್ದಿದ್ರ ಅದು ತಾನ ಹೇಳ್ತಿತ್ತು" ಎಂದರು. ಕರೆಂಟೇ ಇಲ್ಲದೆ ಅದು ಯಾವ ಬಾಯಿಂದ ಹೇಳುತ್ತಿತ್ತು?

ಇದರಲ್ಲಿ ಇನ್ನೊಂದು ತಮಾಷೆಯಿದೆ. ಹೊಸ ಬುದ್ಧಿ ಇರುವುದು ಇಂಟರ್ನೆಟ್ಟಿನಲ್ಲಿ. ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ಟು ಬೇಕು. ಇಂಟರ್ನೆಟ್ಟು ಇಲ್ಲವಾದ್ದರಿಂದಲೇ ಅಲ್ಲವೇ ಹೊಸ ಬುದ್ಧಿ ಬೇಕಾದದ್ದು? ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ನಾನು ಆ ದಿನಗಳಲ್ಲಿ ಜಪದ ಹಾಗೆ ಹೇಳಿಕೊಳ್ಳುತ್ತಿದ್ದೆ. ಕಾಕಾ ಪೆನ್‌ಡ್ರೈವನ್ನು ಜನಿವಾರಕ್ಕೆ ಕಟ್ಟಿಕೊಂಡು ಮಾರ್ಕೆಟ್ಟಿನ ಸೈಬರ್ ಕೆಫೆಗೆ ಹೋಗಿ ಫೈಲು ತಂದರು. ಫೈಲಿನ ಜೊತೆಗೆ ಕೆಫೆಯ ವೈರಸ್ಸೂ ಬಂತು. ಮೋಡೆಮ್ಮಿಗೆ ಬುದ್ಧಿ ತರಲು ಹೋಗಿ ಕಂಪ್ಯೂಟರಿನ ಬುದ್ಧಿಯನ್ನೂ ಕಳೆದರು.

ಮತ್ತೊಮ್ಮೆ ಯಾವುದೋ ದೇಶಕ್ಕೆಂದು ಮಾಡಿದ ಫರ್ಮ್‌ವೇರ್ ತಂದು ತುಂಬಿದರು. ನೆಟ್ಟು ಬಂತು, ನಿಜ. ಆದರೆ ಮೋಡೆಮ್ಮಿನ ಸೆಟ್ಟಿಂಗಿನ ಪುಟ ತೆರೆದರೆ ಎಲ್ಲವೂ ಚೀನೀ ಅಕ್ಷರ! ಮೇಲಿನಿಂದ ಮೂರನೆಯ ಸಾಲು, ಬಲಗಡೆಯ ಗುಂಡಿ ಎಂದು ಅಂದಾಜಿನ ಮೇಲೆ ಒತ್ತುತ್ತ ನಾವು ಎಷ್ಟೋ ತಿಂಗಳು ಸಂಸಾರ ಮಾಡಿದೆವು.

"ಕಾಕಾ, ಇದನ್ನ ಹೆಂಗ ಓದೋದ್ರಿ?"

"ನಾ ಪುಣೇಕ್ಕ ಬಂದಾಗ ನನಗ ಮರಾಠಿ ಬರ್ತಿತ್ತೇನು? ಬಸ್ಸಿನ ಬೋರ್ಡ್ ನೋಡಿದ್ರ ಎದಿ ಧಸಕ್ ಅಂತಿತ್ತು. ರೂಢಿ ಆಗ್ತದ ಸುಮ್ನಿರು."

ನಾನು ಮೆಂತ್ಯದ ಕಟ್ಟು ಎತ್ತಿಕೊಂಡು ಮೇಲೆ ಹೋದೆ.

ಆದರೆ ಗುರುವಾರದ ಕಥೆಯ ಮುಂದೆ ಇವೆಲ್ಲ ಏನೂ ಅಲ್ಲ. ಆ ಚೀನೀ ಬುದ್ಧಿಯನ್ನು ತೆಗೆದು ಇಂಗ್ಲಿಷ್ ಬುದ್ಧಿ ತುಂಬಲು ಕಾಕಾ ಹೊರಟ ಕಥೆ ಅದು. ಫರ್ಮ್‌ವೇರ್ ತುಂಬುವಾಗ ಅರ್ಧಕ್ಕೆ ಕರೆಂಟು ಹೋದರೆ ಮೋಡೆಮ್ ಸತ್ತೇ ಹೋಗುತ್ತದೆ, ಇಟ್ಟಿಗೆಗೂ ಅದಕ್ಕೂ ಫರಕು ಉಳಿಯುವುದಿಲ್ಲ. ಇದು ಕಾಕಾನಿಗೆ ಗೊತ್ತು. ಆದ್ದರಿಂದ ಆ ಹೊತ್ತು ಮನೆಯಲ್ಲಿ ಕಡುಮಡಿ. ಗೀಸರ್ ಹಾಕುವಂತಿಲ್ಲ, ಇಸ್ತ್ರಿ ಮುಟ್ಟುವಂತಿಲ್ಲ, ಕೆಲಸದಾಕೆ ಬಾಗಿಲಲ್ಲೇ ನಿಂತಿರಬೇಕು. ಹೊಸ ಕೆಲಸವಾದ್ದರಿಂದ ಒಳ್ಳೆಯ ವಾರವೂ ಬೇಕು. ಕಾಕಾ ರಾಯರ ಪರಮ ಭಕ್ತರು, ಅವರ ಯಾವ ಕೆಲಸವೂ ಗುರುವಾರದ ಹೊರತು ನಡೆಯುವುದಿಲ್ಲ. ಪುಣೆಯಲ್ಲಿ ಇದ್ದವರು ಈಗಾಗಲೇ ನಗುತ್ತಿರಬೇಕು. ಇಡೀ ಊರಿಗೆ ಗೊತ್ತು, ವಿದ್ಯುತ್ ಕಂಪನಿಯವರು ರಿಪೇರಿಗೆಂದು ಕರೆಂಟು ತೆಗೆಯುವ ವಾರ ಗುರುವಾರ!

"ಕಾಕಾ, ಶುಕ್ರವಾರ ಮಾಡ್ರಿ, ಕೈ ಮುಗೀತೀನಿ."

"ಏ, ಕರೆಂಟ್ ತಗಿಯೋದು ಹತ್ತಕ್ಕ. ನಮ್ಮದು ಒಂಬತ್ತರೊಳಗ ಮುಗೀತದ. ರಾಯರು ನೋಡ್ಕೋತಾರ."

ರಾಯರು ನೋಡಿಕೊಳ್ಳುತ್ತಿದ್ದರೇನೋ, ಆದರೆ ರಾಯರ ಪೂಜೆಯೇ ಅವತ್ತು ಉದ್ದವಾಯಿತು. ಅಷ್ಟೋತ್ತರ, ಮಂಗಳಾರತಿ, ಮೋಡೆಮ್ಮಿಗೂ ಒಂದು ಕುಂಕುಮದ ಬೊಟ್ಟು. ಕೂತು ಶುರು ಮಾಡುವಾಗ ಹತ್ತಕ್ಕೆ ಸ್ವಲ್ಪವೇ ಬಾಕಿ. ನಾನು ಬಸ್ಸು ತಪ್ಪಿಸಿಕೊಂಡು ಪಕ್ಕದಲ್ಲಿ ಕೂತಿದ್ದೆ. ಪರದೆಯ ಮೇಲಿನ ನೀಲಿ ಪಟ್ಟಿ ಬಸವನಹುಳುವಿನ ಹಾಗೆ ತೆವಳುತ್ತ ಅರ್ಧ ದಾಟಿತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕಾಕು ಚಟ್ನಿಗೆಂದು ಮಿಕ್ಸರ್ ಜಾರು ಎತ್ತಿದರು. ಕೂಗಿದರೆ ಕೇಳುವುದಿಲ್ಲ. ಕಾಕಾ ಎದ್ದು ಹೋಗಿ ಎರಡೂ ಕೈ ಬೀಸುತ್ತ ಕುಣಿದರು.

"ಏನ್ರೀ ಇದು, ಈ ವಯಸ್ಸಿನ್ಯಾಗ?" ಎಂದರು ಕಾಕು. ಮಿಕ್ಸರ್ ಮಾತ್ರ ಹಚ್ಚಲಿಲ್ಲ. ಕಾಕಾ ಗೆದ್ದ ಮುಖ ಮಾಡಿಕೊಂಡು ತಿರುಗಿದರು. ಕರೆಂಟು ಹೋಯಿತು.

ಕಂಪ್ಯೂಟರಿಗೆ ಯುಪಿಎಸ್ ಇತ್ತು, ಅದು ಜಗಜಗ ಉರಿಯುತ್ತಲೇ ಇತ್ತು. ಮೋಡೆಮ್ ಇದ್ದದ್ದು ಗೋಡೆಯ ಸಾಕೆಟ್ಟಿನಲ್ಲಿ. ಕುಂಕುಮ ಹಚ್ಚಿಕೊಂಡು, ಮುತ್ತೈದೆಯಾಗಿ ಹೋಯಿತು!

ನಗು ಬರಬೇಕಾದ ಹೊತ್ತು, ಆದರೆ ಅವತ್ತು ನಗಲಾಗಲಿಲ್ಲ. ಹೇಗೂ ಬಸ್ಸು ಹೋಗಿತ್ತು, ರಜೆ ಹಾಕಿದೆ. ಮೂರು ಹೊಡೆಯುವಾಗ ಕರೆಂಟು ಬಂದಿತ್ತು. ಕಾಕು ರೂಢಿಯಂತೆ ಮುಖ ತೊಳೆದು, ಸೆರಗು ಸರಿಮಾಡಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಪರದೆಯ ಮೇಲೆ ತಂಗಿಯ ಹೆಸರು ಹಸಿರಾಗಲಿಲ್ಲ. ಆಮೇಲೂ ಆಗಲಿಲ್ಲ. ಕಾಕು ಅದನ್ನೇ ನೋಡುತ್ತ ಕೂತೇ ಇದ್ದರು. ಬಾರಾಮತಿಯಿಂದ ತಂಗಿ ಗಾಬರಿಯಾಗಿ ಫೋನು ಮಾಡಿದಾಗ ಆ ಫೋನು ಎತ್ತಿದ್ದು ನಾನು. ಅಕ್ಕ ಆರಾಮಿದ್ದಾರೆ, ಮೋಡೆಮ್ ಮಾತ್ರ ತೀರಿಕೊಂಡಿದೆ ಎಂದು ಸಮಾಧಾನ ಹೇಳಿದೆ. ಕಾಕಾ ಚಪ್ಪಲಿ ಮೆಟ್ಟಿಕೊಂಡು, ಎಲೆಕ್ಟ್ರಾನಿಕ್ ಸಾಮಾನು ಸಿಗುವ ಬುಧವಾರ ಪೇಠೆಗೆ ಹೋಗಿ ಹೊಸ ಮೋಡೆಮ್ ತಂದರು. ಗಳಿಗೆ, ಮುಹೂರ್ತ ಯಾವುದನ್ನೂ ನೋಡಲಿಲ್ಲ.

ಹೊಸ ಮೋಡೆಮ್ ಮುತ್ತಿನಂತಿತ್ತು. ಒಂದೂ ತಕರಾರಿಲ್ಲ. ನಾನು ಬದುಕಿದೆ ಎಂದುಕೊಂಡೆ. ಸಂಜೆ ಸೀದಾ ಮನೆಗೆ ಹೋಗಿ ಚಹಾ ಕುಡಿಯುವ ಸುಖ ಎಂಥದೆಂದು ಮರೆತೇ ಹೋಗಿತ್ತು.

ಎಷ್ಟು ದಿನ? ಒಂದು ಸಂಜೆ ಮತ್ತೆ ಮೆಟ್ಟಿಲ ಬುಡದಲ್ಲಿ ಕಾಕಾ! ಒಳಗೆ ಹೋಗಿ ನೋಡಿದರೆ ಮಲಗುವ ಕೋಣೆಯಲ್ಲಿ ಇನ್ನೊಂದು ಕಂಪ್ಯೂಟರು, ಯಾರೋ ಬಳಸಿ ಬಿಟ್ಟದ್ದು.

"ಈ ಮೋಡೆಮ್ ಒಂದ ಕಂಪ್ಯೂಟರ್ ನಡಸ್ತದ. ಹೊಸ ಫರ್ಮ್‌ವೇರಿನಾಗ ಎರಡೂ ಒಮ್ಮೆಗೇ ನಡೀತಾವಂತ. ತುಂಬಿ ಬಿಡೋಣು?"

ನನ್ನ ತಾಳ್ಮೆ ಅಲ್ಲಿಗೆ ತೀರಿತು. "ಕಾಕಾ, ನೀವು ಇರೋರು ಇಬ್ಬರು. ಎರಡು ಕಂಪ್ಯೂಟರ್ ತಗೊಂಡು ಏನ್ ಮಾಡ್ತೀರಿ? ಛೊಲೊ ನಡದದ್ದಕ್ಕ ಕೈ ಹಚ್ಚಬ್ಯಾಡ್ರಿ! ಮತ್ತ ಸತ್ತರ ಕಾಕು ಗತಿ ಏನು? ನನಗ ಆಗೂದಿಲ್ರಿ. ದಣಿದೀನಿ ನಾ!"

ಕಾಕಾ ಸಿಟ್ಟಾಗಲಿಲ್ಲ. "ಹೋಗು, ಕಾಲು ಚಾಚು ಹೋಗು" ಎಂದಷ್ಟೇ ಹೇಳಿದರು. ಆ ಮೇಲೆ ಅವರು ನನ್ನನ್ನು ಕರೆಯಲಿಲ್ಲ. ಮೊದಲ ವಾರ ಹಾಯೆನಿಸಿತು. ಎರಡನೆಯ ವಾರ ಮೆಟ್ಟಿಲ ಬುಡಕ್ಕೆ ಬಂದಾಗ ನಾನೇ ನಿಂತು ಅವರ ಬಾಗಿಲ ಕಡೆ ನೋಡತೊಡಗಿದೆ. ಸಿಟ್ಟಾದರೇ? ಮೋಡೆಮ್ ಮತ್ತೆ ಸತ್ತು, ಹೇಳಲು ಹೆದರಿದರೇ? ಒಂದು ರಜೆಯ ದಿನ ಬೆಳಿಗ್ಗೆ ಶೇಂಗಾ ಹೋಳಿಗೆ ಮಾಡಿದ್ದನ್ನು ನೆವ ಮಾಡಿಕೊಂಡು ಕೆಳಗಿಳಿದೆ. ಬೆಲ್ಲು ಕಾಕುವಿಗೆ ಕೇಳುವುದಿಲ್ಲವಾದ್ದರಿಂದ ಹಗಲು ಬಾಗಿಲಿಗೆ ಅಗುಳಿಯಿರುವುದಿಲ್ಲ. ತಳ್ಳಿಕೊಂಡು ಒಳಗೆ ಹೋದೆ.

ಪಡಸಾಲೆಯಲ್ಲಿ ಕಾಕು ಕಂಪ್ಯೂಟರಿನ ಮುಂದೆ ಕೂತು ಟಕಟಕ ಕುಟ್ಟುತ್ತಿದ್ದರು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. ಅಳುತ್ತಿದ್ದಾರೆಂದು ತಿಳಿದು ಹತ್ತಿರಕ್ಕೆ ಓಡಿದೆ. ಅಷ್ಟರಲ್ಲಿ ಅವರು ನನ್ನನ್ನು ಕಂಡರು. ಅಳುವಲ್ಲ, ನಗು!

"ಬಾರವಾ, ಬಾ! ಇವರ ಜೋಡಿ ಜಗಳಾ ನಡದದ!" ಎಂದು ಬಿಲ್ಡಿಂಗಿಗೆಲ್ಲ ಕೇಳುವ ಹಾಗೆ ಹೇಳಿದರು. "ನಮ್ಮ ತಂಗಿ ಲಗ್ನದಾಗ ಸಿಟ್ಟು ಮಾಡ್ಕೊಂಡು ಊಟ ಬಿಟ್ಟವರು ಇವರ! ಈಗ ನೋಡಿದ್ರ ನಾ ಬಿಟ್ಟಿದ್ನಂತ! ಎಷ್ಟು ವರ್ಷ ಆಗಿತ್ತವಾ ನಾವು ಜಗಳಾಡಿ!"

ಪರದೆಯ ಮೇಲೆ ಒಂದರ ಕೆಳಗೊಂದು ಸಾಲುಗಳು ಬೀಳುತ್ತಲೇ ಇದ್ದವು. ಮಲಗುವ ಕೋಣೆಗೆ ಇಣುಕಿದೆ. ನನ್ನನ್ನು ಕರೆಯದೆಯೇ ಹೊಸ ಬುದ್ಧಿ ತುಂಬಿ ಆ ಎರಡನೆಯ ಕಂಪ್ಯೂಟರಿಗೂ ನೆಟ್ಟು ತಂದಿದ್ದರು. ಕಾಕಾ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಎರಡು ಬೆರಳಿನಿಂದ ಅವಸರವಸರವಾಗಿ ಉತ್ತರ ಕುಟ್ಟುತ್ತಿದ್ದರು. ನನ್ನನ್ನು ಕಂಡು, ಬೆಲ್ಲ ಕದ್ದವರ ಹಾಗೆ ನಾಚಿದರು.

"ದಿನಾ ಮೂರಕ್ಕ ಆಕಿ ತಂಗಿ ಜೋಡಿ ಮಾತಾಡಿ ನಗೋದು ನೋಡ್ತಿದ್ದೆ" ಎಂದರು ಮೆಲ್ಲಗೆ. "ನನಗೂ ಒಂದು ಪಾಳಿ ಬೇಕಾಗಿತ್ತವಾ."

"ಚೀಟಿ ಬರದು ತೋರಿಸಬಹುದಿತ್ತಲ್ರಿ, ಕಾಕಾ?"

"ಅದನ್ನೂ ಮಾಡಿ ನೋಡಿದೆ. ನಾ ಬರಿಯಾಂವಾ, ಆಕಿ ಓದಾಕಿ. ಆಕಿ ಕಿವುಡಿ, ನಾ ಶ್ಯಾಣ್ಯಾ. ಆಕಿಗೆ ಅವಮಾನ ಆಗ್ತಿತ್ತು. ಇದರಾಗ ಇಬ್ಬರೂ ಬರೀಬೇಕು, ಇಬ್ಬರೂ ಓದಬೇಕು. ಒದರಿ ಒದರಿ ನಮ್ಮ ಮನ್ಯಾಗ ಬರೇ ಹುಕುಮ್ ಉಳದಿದ್ವು ನೋಡು. ಊಟಾ ಹಾಕು, ಗುಳಿಗಿ ತಗೋ, ಬಾಗಲಾ ಹಾಕು. ಒದರಿ ಚ್ಯಾಷ್ಟಿ ಮಾಡ್ಲಿಕ್ಕೆ ಬರ್ತದೇನು? ಒದರಿ ಯಾರರೇ ಪ್ರೀತಿ ಮಾತಾಡ್ತಾರೇನು?"

ಹೊರಗಿನಿಂದ ಕಾಕು ಕೂಗಿದರು. "ಯಾಕ್ರೀ, ಉತ್ತರಾ ಇಲ್ಲ? ಸೋತ್ರೇನು?" ಕಾಕಾ ನನ್ನನ್ನು ಮರೆತು ಕೀಬೋರ್ಡಿಗೆ ಬಗ್ಗಿದರು.

ಹೋಳಿಗೆಯ ಡಬ್ಬಿ ಅಲ್ಲೇ ಇಟ್ಟು ಮೆಟ್ಟಿಲು ಹತ್ತಿದೆ. ಮೇಲೆ ನಮ್ಮ ಯಜಮಾನರು ಪೇಪರು ಓದುತ್ತ ಕೂತಿದ್ದರು. ಇವರ ಕಿವಿ ನೆಟ್ಟಗಿದೆ, ನನ್ನದೂ ನೆಟ್ಟಗಿದೆ. ಆ ವಾರವಿಡೀ ನಾವಿಬ್ಬರು ಆಡಿದ ಮಾತು ಏನೇನು ಎಂದು ಎಣಿಸಿದೆ. ಸಿಲಿಂಡರ್ ಬಂತೇನು, ಹಾಲು ತಂದ್ರೇನು, ಬಾಗಲಾ ಹಾಕ್ರಿ. ಮುಂದೆ ಎಣಿಸಲು ಏನೂ ಸಿಗಲಿಲ್ಲ. ಹೋಗಿ ಅವರ ಎದುರಿಗೆ ಕೂತೆ.

"ಏನ್ರೀ, ನಮ್ಮ ಲಗ್ನದಾಗ ನಿಮ್ಮ ಸೋದರಮಾವ ನಮ್ಮಪ್ಪಗ ಸೊಟ್ಟ ಮಾತಾಡಿದ್ರಲ್ಲ, ನೀವು ಯಾಕ ಸುಮ್ನ ಕೂತಿದ್ರಿ?"

ಅವರು ಪೇಪರಿನ ಮೇಲಿನಿಂದ ನೋಡಿದರು. "ಯಾಕ, ಕಾಕಾನ ನೆಟ್ ಮತ್ತ ಹೋತೇನು?"

"ಇಲ್ರಿ. ಭಾಳ ಛೊಲೊ ನಡದದ. ನೀವು ಉತ್ತರಾ ಹೇಳ್ರಿ."

ಅವರು ಪೇಪರು ಮಡಚಿಟ್ಟು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ಮೊದಲು ಸುರು ಮಾಡಿದ್ದು ನಿಮ್ಮಪ್ಪ" ಎಂದರು.