ಲಿಯಾಕತ್ ಅಲಿಯ ಖಾಲಿ ಚಾಂದ್

ಶಿರಾದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಲಿಯಾಕತ್ ಅಲಿ ತನ್ನ ಮದುವೆಯ ದಿನವನ್ನು ನಶ್ಯದ ಅಂಗಡಿಯವರು ಪುಕ್ಕಟೆ ಹಂಚಿದ ಕ್ಯಾಲೆಂಡರ್ ನೋಡಿ ಗೊತ್ತು ಮಾಡಿದ. ತಪ್ಪಾದದ್ದು ಅಲ್ಲೇ. ಸಾವಿರದ ಒಂಬೈನೂರ ಐವತ್ತೈದನೇ ಇಸವಿ, ಜೂನ್ ಇಪ್ಪತ್ತೆರಡು, ಬುಧವಾರ. ಆ ಚೌಕದ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ‘ಷವ್ವಾಲ್ ೩೦’ ಎಂದು ಅಚ್ಚಾಗಿತ್ತು. ರಂಜಾನ್ ಹಬ್ಬದ ತಿಂಗಳ ಕೊನೆಯ ದಿನ. ಹೆಣ್ಣಿನ ತಂದೆ, ಮಧುಗಿರಿಯ ಬಳೆ ಅಂಗಡಿ ಅಹಮದ್ ಷರೀಫರೂ ಒಪ್ಪಿಕೊಂಡರು. ಆಕಾಶವನ್ನು ಮಾತ್ರ ಯಾರೂ ಕೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಸೋದರತ್ತೆ ಖಾಜಾಬಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾ ಬೆರಳು ಮಡಿಚಿ ಎಣಿಸತೊಡಗಿದಳು. ಅವಳ ಪಾಲಿಗೆ ತಿಂಗಳುಗಳಿಗೆ ಪುಸ್ತಕದ ಹೆಸರಿರಲಿಲ್ಲ. ಎಲ್ಲಕ್ಕೂ ಮನೆಮಾತಿನ ಹೆಸರು: ತೇರಾ ತೇಜಿ ಚಾಂದ್, ಬಾರಾ ವಫಾತ್ ಚಾಂದ್, ಗ್ಯಾರವೀ ಚಾಂದ್, ಮದಾರ್ ಚಾಂದ್. ಚಾಂದ್ ಅಂದರೆ ಚಂದ್ರನೂ ಹೌದು, ಒಂದು ತಿಂಗಳೂ ಹೌದು. ಬೆರಳು ಹಬ್ಬದ ಚಾಂದಿಗೆ ಬಂದು ನಿಂತಿತು.

“ಲಿಯಾಕತ್, ಇವತ್ತಿಗೆ ಇಪ್ಪತ್ತೊಂಬತ್ತು ದಿನ ಆಯ್ತಲ್ಲೋ. ಸಂಜೆ ಚಾಂದ್ ಕಂಡ್ಬುಟ್ರೆ ನಾಳೆಯಿಂದ ಖಾಲಿ ಚಾಂದ್.”

“ಕ್ಯಾಲೆಂಡರಲ್ಲಿ ನಾಳೆ ಮೂವತ್ತು ಅಂತ ಐತಲ್ಲ ಫುಪ್ಪು?”

“ಚಾಂದ್ ಕ್ಯಾಲೆಂಡರ್ ನೋಡ್ಕೊಂಡು ಹುಟ್ತದಾ?”

ಖಾಲಿ ಚಾಂದ್ ಎಂದರೆ ರಂಜಾನ್, ಬಕ್ರೀದ್ ಹಬ್ಬಗಳ ನಡುವೆ ಹಬ್ಬವೇ ಇಲ್ಲದೆ ಬರಿದಾಗಿ ನಿಂತ ತಿಂಗಳು. ಅದರಲ್ಲಿ ಮದುವೆಯಾದರೆ ಮನೆಯೂ ಖಾಲಿ, ತೊಟ್ಟಿಲೂ ಖಾಲಿ ಎಂಬುದು ಖಾಜಾಬಿಯ ನಂಬಿಕೆ. ಮಧುಗಿರಿಯ ಹೆಂಗಸರದು ಇದಕ್ಕಿಂತ ಒಂದು ತೂಕ ಹೆಚ್ಚು.

ಲಿಯಾಕತನ ಮುಖ ಕಿಲುಬು ಹಿಡಿದ ತಪ್ಪಲೆಯಂತಾಯಿತು. ಅವನಿಗಾಗಲೇ ಮೂವತ್ತನಾಲ್ಕು. ಈ ಸಂಬಂಧದ ಮಾತು ಶುರುವಾದದ್ದು ಮೊಹರಮ್ಮಿನಲ್ಲಿ. ಅದು ಶೋಕದ ಚಾಂದ್, ಆಗದು ಎಂದರು. ಮುಂದಿನದು ತೇರಾ ತೇಜಿ, ಅಶುಭದ ಚಾಂದ್, ಅದೂ ಆಗದು. ಅದು ಕಳೆಯುವಷ್ಟರಲ್ಲಿ ಹುಡುಗಿ ಸಾಬೀರಾಳ ತಾತ ತೀರಿಕೊಂಡರು. ದುಃಖ ಆರುವ ಹೊತ್ತಿಗೆ ರಂಜಾನ್ ಉಪವಾಸ ಬಂತು. ಈ ನಡುವೆ ಕೊಳಾಲದ ಯಾವನೋ ಬಸ್ ಏಜೆಂಟನ ಮನೆಯವರು ಸಾಬೀರಾಳನ್ನು ಎರಡು ಸಲ ನೋಡಿಕೊಂಡು ಹೋಗಿದ್ದರು. ಇನ್ನೊಂದು ತಿಂಗಳು ಮುಂದಕ್ಕೆ ಹೋದರೆ ಅವರು ಮೂರನೇ ಸಲವೂ ಬರುವುದು ಖಂಡಿತ.

ಅವನು ಹೊರಗೆ ಬಂದು ಆಕಾಶ ನೋಡಿದ. ಉಜ್ಜಿ ತೊಳೆದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಒಂದು ಚೂರು ಮೋಡವಿಲ್ಲ.

“ಏನಯ್ಯಾ, ಮಳೆ ನೋಡ್ತಿದೀಯ?” ಎಂದ ಎದುರಿನ ಪಾತ್ರೆ ಅಂಗಡಿ ರೇಣುಕಯ್ಯ. ಊರಿನವರ ಕಷ್ಟಗಳಲ್ಲಿ ಅವನು ಕೈಹಾಕದೆ ಬಿಟ್ಟದ್ದು ಬಹಳ ಕಡಿಮೆ. ವಿಷಯ ಕೇಳಿ ತಕ್ಕಡಿಯನ್ನು ಪಕ್ಕಕ್ಕಿಟ್ಟ.

“ನಿನ್ನೆ ಅಮಾಸೆ, ಗ್ರಹಣನೂ ಆಯ್ತು. ಇವತ್ತು ಸಂಜೆ ಚಂದ್ರ ಕಾಣ್ದೆ ಎಲ್ಲಿಗೋಯ್ತಾನೆ? ನಮ್ಗೂ ಇವತ್ತಿಂದ ಆಷಾಢ ಕಣಯ್ಯ. ಹೊಸ ಸೊಸೇನ ಮೊನ್ನೆ ತೌರಿಗೆ ಬುಟ್ಟು ಬಂದೆ, ನನ್ ಮಗ ಅವತ್ತಿಂದ ಯಾರ್ನೂ ಮಾತಾಡಿಸ್ತಿಲ್ಲ. ನೋಡು, ಚಂದ್ರ ಹುಟ್ಟೋದು ಸಂಜೆಗೆ. ಅದ್ಕೂ ಮುಂಚೆ ನಿಕಾ ಮುಗುಸ್ಕೊಂಡ್ಬುಟ್ರೆ ಯಾರೇನ್ ಅಂತಾರೆ?”

“ಇವತ್ತೇನಾ?”

“ಇವತ್ತೇ. ನಾನೂ ಬತ್ತೀನಿ ನಡಿ.”

ಖಾಜಾಬಿ ಸ್ವಲ್ಪ ಯೋಚಿಸಿ ಹೂಂ ಅಂದಳು. ಬಿಟ್ಟಿದ್ದರೆ ತಾನೂ ಹೊರಡುತ್ತಿದ್ದಳೇನೋ, ನಾಳೆಯ ಅಡಿಗೆಗೆ ನೆನೆಹಾಕಿದ್ದ ಬೇಳೆ ಅವಳನ್ನು ತಡೆಯಿತು. ಲಿಯಾಕತನ ಶೇರ್ವಾನಿಗೆ ದರ್ಜಿ ಇನ್ನೂ ತೋಳು ಹಚ್ಚಿರಲಿಲ್ಲ. ಪಕ್ಕದ ಮನೆ ಬಾಷಾ ಸಾಬ್ ತನ್ನದನ್ನು ಕೊಟ್ಟ. ಬಾಷಾ ಸಾಬ್ ಆರಡಿ ಆಳು. ಶೇರ್ವಾನಿ ಲಿಯಾಕತನ ಮೊಣಕಾಲು ದಾಟಿ ಕಣಕಾಲನ್ನು ವಿಚಾರಿಸುತ್ತಿತ್ತು.

ಹನ್ನೆರಡೂವರೆಯ ಬಸ್ಸು ಬಡವನಹಳ್ಳಿ ಬರುವ ಹೊತ್ತಿಗೆ ಕೆಟಲಿನಂತೆ ಹೊಗೆಯಾಡಿ ನಿಂತಿತು. ರೇಡಿಯೇಟರ್ ತೂತಾಗಿತ್ತು. ಡ್ರೈವರು ಬಾನೆಟ್ ಎತ್ತಿ, “ಸಂಜೆಗೆ ಬೇರೆ ಬಸ್ ಬತ್ತದೆ, ಅಲ್ಲೀಗಂಟ ಎಲ್ರೂ ನೆಳ್ಳಲ್ಲಿ ಕೂತ್ಕೊಳ್ಳಿ” ಎಂದ.

ಲಿಯಾಕತನ ಎದೆ ತಿದಿ ಒತ್ತಿದಂತೆ ಏರಿಳಿಯಿತು. ಅಷ್ಟರಲ್ಲಿ ರೇಣುಕಯ್ಯ ಬಸ್ಸಿಗೆಲ್ಲ ಕೇಳುವ ಹಾಗೆ, “ನಮ್ ಮದುಮಗ ಕಲಾಯಿಯೋನು ಕಣ್ರಪ್ಪ, ತೂತು ಮುಚ್ಚಾಕೆ ಅವನ ಕೈಲಾಗಲ್ವಾ?” ಎಂದುಬಿಟ್ಟ. ಮುಂದಿನ ಒಂದು ಗಂಟೆ ಲಿಯಾಕತ್ ಬಡವನಹಳ್ಳಿಯ ಕುಲುಮೆಯ ಮುಂದೆ ಕೂತು, ತವರ ಕರಗಿಸಿ, ಬಸ್ಸಿನ ತೂತಿಗೆ ಬೆಸುಗೆ ಹಾಕಿದ. ಬಸ್ಸು ಹೊರಟಿತು. ಮದುಮಗನ ಮುಖ ಕೈ ಇದ್ದಿಲಾಗಿದ್ದವು. ಬಾಷಾ ಸಾಬನ ಶೇರ್ವಾನಿಯ ಮಡಿಲಲ್ಲಿ ಹುರಿಗಡಲೆ ಗಾತ್ರದ ಎರಡು ತೂತು ಬಿದ್ದಿದ್ದವು, ಅದಕ್ಕೆ ಯಾವ ಬೆಸುಗೆಯೂ ಇರಲಿಲ್ಲ.

ನಾಲ್ಕು ಗಂಟೆಗೆ ಮಧುಗಿರಿಯಲ್ಲಿ ಆ ಅವತಾರ ನೋಡಿದ ಅಹಮದ್ ಷರೀಫರು ಅಂಗಡಿಯಿಂದ ಎದ್ದು ನಿಂತರು.

“ಯಾರಿಗೇನಾಯ್ತು?”

“ಯಾರಿಗೂ ಏನೂ ಆಗಿಲ್ಲ ಮಾಮೂ. ಚಾಂದ್ ಕಾಣೋಕ್ ಮುಂಚೆ ನಿಕಾ ಮುಗಿಸ್ಬೇಕಂತೆ.”

ಒಳಗಿನಿಂದ ಸಾಬೀರಾಳ ಅಜ್ಜಿ ಕರೀಮುನ್ನೀಸಾ ಬಂದರು. ಎಂಬತ್ತು ದಾಟಿದ ಜೀವ, ಮನೆಯಲ್ಲಿ ಅವರ ಮಾತೇ ಮಾತು. ಅಳಿಯನಾಗುವವನನ್ನು ಮೇಲಿಂದ ಕೆಳಗೆ ನೋಡಿ, “ಬುದ್ಧಿ ಐತೆ. ಮುಖ ಮಾತ್ರ ತೊಳ್ಸಿ” ಎಂದರು.

ಖಾಜಿ ಸಾಹೇಬರ ಮನೆಗೆ ಹೋದರೆ ಅವರು ಕೊರಟಗೆರೆಗೆ ಹೋಗಿದ್ದರು. ಖಾಲಿ ಚಾಂದಿಗೆ ಹೆದರಿದವನು ಲಿಯಾಕತ್ ಒಬ್ಬನೇ ಆಗಿರಲಿಲ್ಲ. ರೇಣುಕಯ್ಯ ಬಸ್ ಸ್ಟ್ಯಾಂಡಿನಲ್ಲಿ ಕಾವಲು ನಿಂತ. ಲಿಯಾಕತ್ ಮನೆಯ ಜಗಲಿಗೂ ರಸ್ತೆಗೂ ನಡೆದು ನಡೆದು, ಪಡುವಣದ ಕಡೆ ಕಣ್ಣು ಹೋದಾಗೆಲ್ಲ ತಲೆ ತಗ್ಗಿಸಿದ. ತಾನೇ ನೋಡಿಬಿಟ್ಟರೆ ಏನು ಗತಿ ಎಂಬ ಭಯ. ಐದಾಯಿತು, ಐದೂವರೆಯಾಯಿತು. ಶಿರಾದ ದಿಕ್ಕಿನಿಂದ ಮೋಡ ಏಳುವುದನ್ನು ಕಂಡು ಅವನಿಗೆ ಅರ್ಧ ಜೀವ ಬಂತು.

ಆರು ಗಂಟೆಗೆ ರೇಣುಕಯ್ಯ ಖಾಜಿಗಳನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಬಂದ. ಅವರು ಆ ದಿನ ಮೂರು ಮದುವೆ, ಮೂರು ಊಟ ಮುಗಿಸಿ ಬೆವರುತ್ತಿದ್ದರು.

“ಖಾಲಿ ಚಾಂದಲ್ಲಿ ಮದುವೆ ಆಗಬಾರದು ಅಂತ ಯಾವ ಕಿತಾಬಿನಲ್ಲೂ ಇಲ್ಲ” ಎಂದರು ಕೂರುತ್ತಾ.

“ಹಂಗಂತ ಒಳಗಿರೋರಿಗೆ ಒಂದ್ ಮಾತು ಹೇಳ್ತೀರಾ?” ಎಂದರು ಅಹಮದ್ ಷರೀಫ್.

ಖಾಜಿಗಳು ಕರೀಮುನ್ನೀಸಾ ಇದ್ದ ಕೋಣೆಯ ಪರದೆಯ ಕಡೆ ನೋಡಿದರು. “ಹೊತ್ತಾಗ್ತಾ ಇದೆ, ರಿಜಿಸ್ಟರ್ ತೆಗೀರಿ” ಎಂದರು.

ಅವರ ಪ್ರಶ್ನೆ ಮುಗಿಯುವ ಮೊದಲೇ ಲಿಯಾಕತ್ ಮೂರು ಸಲವೂ ಕುಬೂಲ್ ಅಂದ. ಖರ್ಜೂರ ಹಂಚುವಾಗ ಸೂರ್ಯ ಇನ್ನೂ ಪೂರ್ತಿ ಇಳಿದಿರಲಿಲ್ಲ. ಒಂಬತ್ತು ತಿಂಗಳಲ್ಲಿ ಮೊದಲ ಸಲ ಅವನು ಚಂದ್ರನಿಗಿಂತ ಮುಂದಿದ್ದ.

ನಮಾಜು ಮುಗಿಯಿತು. ಏಳೂವರೆಯ ಬಸ್ಸಿಗೆ ಹೆಣ್ಣು ಕಳಿಸುವುದೆಂದಾಯಿತು. ಟ್ರಂಕು ಜಟಕಾದ ಮೇಲೇರಿತು. ಬುರ್ಖಾ ತೊಟ್ಟ ಸಾಬೀರಾ ಹೊಸ್ತಿಲ ಒಳಗೆ ನಿಂತು ಅಜ್ಜಿಯನ್ನು ಅಪ್ಪಿಕೊಂಡು ಅಳುತ್ತಿದ್ದಳು. ಇನ್ನೊಂದು ಹೆಜ್ಜೆ ಬಾಕಿ. ಲಿಯಾಕತನಿಗೆ ಇಡೀ ಜಗತ್ತಿನ ಮೇಲೆ ಪ್ರೀತಿ ಬಂದಿತು. ದಿನವೆಲ್ಲ ಹೆದರಿ ತಗ್ಗಿಸಿದ್ದ ತಲೆಯನ್ನು ನಿರಾಳವಾಗಿ ಎತ್ತಿದ. ಎದುರುಮನೆಯ ಸೂರಿನ ಮೇಲೆ ಎರಡು ಮೋಡಗಳ ಸಂದಿಯಲ್ಲಿ, ಉಗುರಿನ ತುದಿ ಕತ್ತರಿಸಿ ಎಸೆದಂತೆ, ಎಳೆಯ ಚಂದ್ರ ನಿಂತಿದ್ದ.

ತಾನು ಎಂಥ ಆಪತ್ತಿನಿಂದ ಕೂದಲೆಳೆಯಲ್ಲಿ ಪಾರಾದೆ ಎಂದು ಎಲ್ಲರಿಗೂ ತೋರಿಸಬೇಕೆನ್ನಿಸಿತು.

“ನೋಡಿ ದಾದಿ ಮಾ, ಅಕೋ, ಚಾಂದ್” ಎಂದು ಕೈ ಚಾಚಿದ.

ಎಲ್ಲರೂ ನೋಡಿದರು. ಕರೀಮುನ್ನೀಸಾ ಹಣೆಗೆ ಕೈಯಿಟ್ಟು, ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, ಚಂದ್ರನಿಗೆ ಸಲಾಂ ಮಾಡಿ, ದುವಾ ಕೇಳಿಕೊಂಡು ಮುಖ ಸವರಿಕೊಂಡರು. ಆಮೇಲೆ ಮೊಮ್ಮಗಳ ಕಡೆ ತಿರುಗಿದರು.

“ಸಾಬೀರಾ, ಕಾಲು ಒಳಕ್ಕೆ ತಗೋ.”

“ನಿಕಾ ಆಗೈತಲ್ಲ ದಾದಿ ಮಾ” ಎಂದ ಲಿಯಾಕತ್. ಅವನ ಕೈ ಇನ್ನೂ ಚಂದ್ರನ ಕಡೆಗೇ ಚಾಚಿಕೊಂಡಿತ್ತು.

“ಆಗೈತೆ, ಯಾರು ಇಲ್ಲ ಅಂದೋರು? ಖಾಲಿ ಚಾಂದಲ್ಲಿ ಹೆಣ್ಣು ತೌರಿನ ಹೊಸ್ಲು ದಾಟಂಗಿಲ್ಲ ಬೇಟಾ. ಬಕ್ರೀದ್ ಚಾಂದ್ ಕಂಡ್ಮೇಲೆ ಬಂದು ಕರ್ಕೊಂಡು ಹೋಗು.”

ಜಟಕಾದಿಂದ ಟ್ರಂಕು ಇಳಿಯಿತು. ಖಾಜಿಗಳು ನಾಲ್ಕನೇ ಊಟಕ್ಕೆ ಕೈ ತೊಳೆಯಲು ಹಿತ್ತಲಿಗೆ ಹೋದರು. ಅಹಮದ್ ಷರೀಫರು ಅಳಿಯನ ಬೆನ್ನು ತಟ್ಟಿ, “ನಾವ್ಯಾರೂ ತಲೆ ಎತ್ತಿರ್ಲಿಲ್ಲಪ್ಪ” ಎಂದರು. ಬಾಗಿಲ ಸಂದಿಯಿಂದ ಸಾಬೀರಾ ಗಂಡನ ಜೊತೆ ಮೊದಲ ಮಾತಾಡಿದಳು.

“ತೋರ್ಸೋಕೆ ನಿಮ್ಗೆ ಬೇರೆ ಏನೂ ಸಿಗ್ಲಿಲ್ವಾ?”

ಅಂದು ಶಿರಾ ಕಡೆ ಮಳೆ ಎಂದು ಬಸ್ಸು ಹೊರಡಲೇ ಇಲ್ಲ. ಮದುಮಗನೂ ರೇಣುಕಯ್ಯನೂ ಬಳೆ ಅಂಗಡಿಯಲ್ಲಿ ಮಲಗಿ, ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಊರು ಮುಟ್ಟಿದರು. ಬೀದಿಯೆಲ್ಲ ಕೆಸರು. ಮನೆ ಮುಂದೆ ಹೂವು ಸುತ್ತಿದ ಒಂದು ಬಸ್ಸು ನಿಂತಿತ್ತು. ಒಳಗೆ ನೆಂಟರೆಲ್ಲ ಅತ್ತರು ಹಚ್ಚಿಕೊಂಡು ಕೂತಿದ್ದರು. ಖಾಜಾಬಿ ಕೈತುಂಬ ಮೆಹಂದಿ ಹಾಕಿಕೊಂಡು ಓಡಿಬಂದಳು.

“ರಾತ್ರಿ ನೀನು ಬರ್ದೇ ಇದ್ದಾಗ್ಲೇ ಅಂದ್ಕೊಂಡೆ, ನಿಕಾ ಆಗಿಲ್ಲ ಅಂತ. ಹೋಗ್ಲಿ ಬುಡು. ನಿನ್ನೆ ಸಂಜೆ ಇಲ್ಲಿ ಎಂಥಾ ಮಳೆ ಅಂತೀಯ. ಮಸೀದಿ ಮೇಲೆ ಹತ್ತಿ ನೋಡಿದ್ರೂ ಒಬ್ಬರಿಗೂ ಚಾಂದ್ ಕಾಣ್ಲಿಲ್ಲ. ಇವತ್ತು ಮೂವತ್ತು, ಒಳ್ಳೇ ದಿನ. ಬಸ್ಸು ಹತ್ತು, ಸಾಯಂಕಾಲ ಹೆಣ್ಣು ಕರ್ಕೊಂಡೇ ಬರಾಣ.”

ಲಿಯಾಕತ್ ಬಾಷಾ ಸಾಬನ ಶೇರ್ವಾನಿಯ ಗುಂಡಿ ಬಿಚ್ಚುತ್ತಾ ನಿಂತ.

“ನಿಕಾ ಆಯ್ತು ಫುಪ್ಪು. ಮಧುಗಿರಿಯಲ್ಲಿ ಚಾಂದ್ ಕಾಣಿಸ್ತು. ಬಕ್ರೀದ್ ಚಾಂದ್ ತನಕ ಹೆಣ್ಣು ಕಳಿಸಲ್ಲ ಅಂದ್ರು.”

ಖಾಜಾಬಿ ಹಣೆ ಚಚ್ಚಿಕೊಂಡಳು. “ಅಂಥಾ ಮೋಡದಲ್ಲಿ ಯಾವನಿಗಪ್ಪಾ ಕಾಣಿಸಿದ್ದು? ಅವನ ಕಣ್ಣಿಗೆ ಮಣ್ಣು ಹಾಕ.”

ರೇಣುಕಯ್ಯ ಅಂಗಡಿಯ ಬೀಗದ ಕೈ ಹುಡುಕುವವನಂತೆ ಜೇಬಿಗೆ ಕೈಹಾಕಿ ಆಚೆ ತಿರುಗಿಕೊಂಡ.

“ಯಾರೋ ಕಲಾಯಿಯೋನಂತೆ ಫುಪ್ಪು” ಎಂದ ಲಿಯಾಕತ್.