ಹಾವಿನ ಹೊಟ್ಟೆಯೂ ನನ್ನ ಹರಳೆಣ್ಣೆಯೂ

"ಯಾವ ಹೊಟ್ಟೆ ಕೆಟ್ಟರೂ ಸರಿಮಾಡಾಕ ಧಾರವಾಡದವ ಒಬ್ಬ ಸಾಕು, ನನಗ ಬಿಡ್ರಿ ಸರ್!" ಎಂದು ಎದೆ ತಟ್ಟಿ ಹೇಳಿದವನು ನಾನು. ಆಗ ಮುಂಬಯಿಯ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ಪ್ರಾಣಿಗಳ ಬಗ್ಗೆ ನನಗಿದ್ದ ಜ್ಞಾನವೆಂದರೆ ಅವುಗಳ ಹೆಸರು ಟೈಪ್ ಮಾಡಿದ್ದಷ್ಟೇ!

ಹೊಟ್ಟೆ ಕೆಟ್ಟದ್ದು ಬಿಕಾನೇರದ ಮರಳುಗಾಡಿನಿಂದ ತರಿಸಿದ್ದ ಎರಡು ತಲೆ ಹಾವಿಗೆ. ನಿಜವಾಗಿ ತಲೆ ಒಂದೇ. ಬಾಲವೂ ತಲೆಯಷ್ಟೇ ಮೊಂಡು. ವಿಷವಿಲ್ಲದ ಸಾಧುಪ್ರಾಣಿ. ಜುಲೈ ಮಳೆಯ ಥಂಡಿಗೆ ಮುದುಡಿ, ಇಲಿ ನುಂಗಿ ಮೂರು ವಾರವಾದರೂ ಹೊರಕಡೆಗೆ ಹೋಗಿರಲಿಲ್ಲ.

ಪ್ರೊಫೆಸರ್ ರಮಾನಾಥರಾಯರು ನಾಲ್ಕು ದಿನ ಪುಣೆಗೆ ಹೊರಟಿದ್ದರು. "ಪ್ರಯೋಗಾಲಯ ಸೋರ್ತಾ ಉಂಟು ಶಂಕ್ರೆಪ್ಪ. ಮನೆಗೆ ಒಯ್ದು ಬೆಚ್ಚಗೆ ಇಡಿ. ಇದು ಸತ್ತರೆ ನನ್ನ ಎರಡು ವರ್ಷದ ಸಂಶೋಧನೆ ನೀರುಪಾಲು ಮಾರಾಯ್ರೆ!" ಎಂದರು.

ಬಿಸ್ಕತ್ತಿನ ಡಬ್ಬಿಗೆ ತೂತು ಕೊರೆದು, ರೋಗಿಯನ್ನು ಒಳಗಿಟ್ಟು, ಲೋಕಲ್ ರೈಲಿನಲ್ಲಿ ಕುರ್ಲಾದ, ಸಾಲು ಖೋಲಿಗಳ ನಮ್ಮ ಚಾಳಿಗೆ ತಂದೆ. ಹೆಂಡತಿ ಮಲ್ಲವ್ವ ಡಬ್ಬಿ ನೋಡಿ ಅರಳಿದಳು. ಮುಚ್ಚಳ ತೆಗೆದು ಹೌಹಾರಿದಳು.

"ಬಿಸ್ಕೀಟು ತರೂದು ಬಿಟ್ಟು ಹಾವು ತಂದೀರಲ್ರೀ!"

"ಪೇಷಂಟು. ಹೊಟ್ಟಿ ಕಟ್ಟೈತಿ."

"ಅಯ್ಯ ಪಾಪ! ಬೆಚ್ಚಗಿನ ನೀರಾಗ ಕುಂಡ್ರಸ್ರಿ. ಕೂಸುಗಳಿಗೆ ಹಂಗs ಮಾಡ್ತೀವಿ."

"ಇದು ಶಾಸ್ತ್ರದ ವಿಷಯ. ನೀ ಸುಮ್ನಿರು!"

ನನ್ನ ಶಾಸ್ತ್ರ ಎಂದರೆ ಹರಳೆಣ್ಣೆ. ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ. ರೋಗಿ ಬಾಯಿಯನ್ನೇ ಬಿಡಲೊಲ್ಲದು! ನಾನೂ ಬಿಡಲಿಲ್ಲ. ಎರಡು ದಿನದಲ್ಲಿ ಅರ್ಧ ಸೀಸೆ ಖಾಲಿ. ಮೂರನೆಯ ದಿನ ಮಲ್ಲವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯಾರಿಗೆ ಕುಡಸಾಕತ್ತೀರಿ?"

"ಕಾಣ್ಸೂದಿಲ್ಲೇನು? ಹಾವಿಗೆ!"

"ಹಾವಿನ ಮಾರಿ ಈ ಕಡೆ ಐತ್ರಿ. ನನ್ನ ನೋಡಾಕತ್ತೈತಿ. ನೀವು ಎರಡು ದಿನದಿಂದ ಬಾಲಕ್ಕ ಔಷಧ ಹಾಕೀರಿ!"

ಬೆಚ್ಚಿಬಿದ್ದು ಕೈ ಸಡಿಲಿಸಿದೆ. ಎರಡು ದಿನ ಅಭ್ಯಂಜನವಾದ ಮೈ! ಸುರ್ರೆಂದು ಜಾರಿ ಬಾಗಿಲ ಸಂದಿಯಿಂದ ಗ್ಯಾಲರಿಗೆ ಇಳಿದೇಬಿಟ್ಟಿತು. "ಹಾವು!" ಎಂಬ ಒಂದೇ ಕೂಗಿಗೆ ಇಪ್ಪತ್ತು ಖೋಲಿಗಳು ಖಾಲಿ! ನೆರೆಮನೆಯ ಅಂಬವ್ವ ನೀರಿನ ಪೀಪಾಯಿಯ ಮೇಲೆ ಹತ್ತಿ ನಿಂತಳು. ಉಡುಪಿ ಹೋಟೆಲಿನ ಕೊರಗಪ್ಪ ದೋಸೆ ಸಟ್ಟುಗ ಹಿಡಿದು ಯುದ್ಧಕ್ಕೆ ಬಂದ.

"ಹೊಡೀಬ್ಯಾಡ್ರಪ್ಪೋ! ಅದು ಸತ್ತರ ನನ್ನ ನೌಕರಿ ಸತ್ತಂಗ!" ಎನ್ನುತ್ತ ಮೇಲೆ ಕೆಳಗೆ ಓಡಿದೆ. ಹಾವು ಎಲ್ಲೂ ಇಲ್ಲ. ಹೊರಗೆ ಧೋ ಎನ್ನುವ ಮಳೆ. ಮೆಟ್ಟಿಲ ಮೇಲೆ ಕುಸಿದು ಕೂತೆ. ನೌಕರಿಯ ಮಾತು ಹಾಗಿರಲಿ. ಒಣ ಮರಳಲ್ಲಿ ಹುಟ್ಟಿದ ಜೀವ, ನನ್ನ ಕೈಗೆ ಸಿಕ್ಕು ಈ ರಾಡಿಯಲ್ಲಿ ಸಾಯುವುದೇ ಎಂದು ನಿಜಕ್ಕೂ ಮರುಗಿದೆ.

ಮಲ್ಲವ್ವ ಮಾತ್ರ ಓಡಲಿಲ್ಲ. "ಥಂಡಿ ಹತ್ತಿದವ್ರು ಎಲ್ಲಿ ಹೋಗ್ತಾರ್ರೀ? ಒಲಿ ಮುಂದ," ಎಂದು ಗ್ಯಾಲರಿಯ ಕೊನೆಯ ಬಚ್ಚಲಿಗೆ ನಡೆದಳು. ನೀರು ಕಾಯಿಸುವ ಒಲೆಯ ಪಕ್ಕ ಆರುತ್ತ ಬಂದಿದ್ದ ಬೂದಿಯ ಗುಡ್ಡೆ. ಮೆಲ್ಲಗೆ ಕೆದರಿದರೆ ಬೂದಿ ಬಳಿದ ಸನ್ಯಾಸಿಯಂತೆ ಒಳಗೆ ಮಲಗಿತ್ತು ನಮ್ಮ ಪೇಷಂಟು! ಕೂಸನ್ನೆತ್ತಿದಂತೆ ಎತ್ತಿ, ಬೋಗುಣಿಯ ಉಗುರುಬೆಚ್ಚಗಿನ ನೀರಿನಲ್ಲಿ ಇಳಿಬಿಟ್ಟಳು. ಕಾಲು ಗಂಟೆ ಎಲ್ಲರೂ ಬೋಗುಣಿಯೊಳಗೆ ಬಗ್ಗಿ ನೋಡಿದರು. ಆಮೇಲೆ ನೀರಿನ ಬಣ್ಣ ಬದಲಾಯಿತು.

ಚಾಳಿಗೆ ಚಾಳೇ ಚಪ್ಪಾಳೆ ತಟ್ಟಿತು! ಕುರ್ಲಾದಲ್ಲಿ ಬೇರೆ ಯಾರ ಹೊಟ್ಟೆ ಸಡಿಲಾದದ್ದಕ್ಕೂ ಇಷ್ಟು ಸಂಭ್ರಮ ಆಗಿರಲಾರದು.

ಪುಣೆಯಿಂದ ಬಂದ ರಾಯರು ನೇರ ನಮ್ಮ ಮನೆಗೇ ಬಂದರು. ಲವಲವಿಕೆಯ ಹಾವನ್ನು ಕಂಡು, "ಏನು ಚಿಕಿತ್ಸೆ ಮಾಡಿದಿರಿ?" ಎಂದು ಕೇಳಿದರು. "ಶಾಸ್ತ್ರೋಕ್ತವಾಗಿ, ಸರ್..." ಎಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ನಿಂತ ಅಂಬವ್ವ ಬಾಲದ ಸಮೇತ ಎಲ್ಲವನ್ನೂ ಒದರಿದಳು. ರಾಯರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಮಲ್ಲವ್ವನ ಕಡೆ ತಿರುಗಿದರು.

"ಅಮ್ಮಾ, ಪ್ರಾಣಿಗಳನ್ನು ನೋಡಿಕೊಳ್ಳುವ ಒಂದು ಕೆಲಸ ಕಾಲೇಜಿನಲ್ಲಿ ಖಾಲಿ ಉಂಟು. ಬರ್ತೀರಾ?"

"ಇವ್ರು ನಡುವ ಕೈ ಹಾಕೂದಿಲ್ಲಂದ್ರ ಬರ್ತೀನ್ರೀ."

ಈಗ ಇಬ್ಬರೂ ಒಂದೇ ಲೋಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತೇವೆ. ಪ್ರಾಣಿಗಳ ಕೋಣೆಯ ಬಾಗಿಲಿಗೆ 'ಗುಮಾಸ್ತರಿಗೆ ಪ್ರವೇಶವಿಲ್ಲ' ಎಂಬ ಬೋರ್ಡಿದೆ. ಬರೆದವನು ನಾನೇ. "ಅಕ್ಷರ ಇನ್ನೂ ದಪ್ಪ ಇರ್ಲಿ, ನಿಮಗ ಕಾಣಬೇಕಲ್ಲ!" ಎಂದು ಮಲ್ಲವ್ವ ಎರಡು ಸಲ ಬರೆಸಿದಳು!