ಮಿಸ್‌ಗೆ ಅರ್ಧ ದಿನ

ಪಾಠ ಹೇಳುವ ಟೀಚರಿಗೇ ಹಾಜರಿ ಹಾಕುವ ಮಹಾನುಭಾವನನ್ನು ಎಲ್ಲಾದರೂ ನೋಡಿದ್ದೀರಾ? ತಿತಿಮತಿಗೆ ಬನ್ನಿ, ನಮ್ಮಣ್ಣನನ್ನು ತೋರಿಸುತ್ತೇನೆ! ಎಸ್ಟೇಟಿನಲ್ಲಿ ರೈಟರ್ ಕೆಲಸ. ಆಳುಗಳ ಹಾಜರಿ ಬರೆದೂ ಬರೆದೂ ಅವನಿಗೆ ಲೋಕವೆಲ್ಲ ಇಡೀ ದಿನ, ಅರ್ಧ ದಿನ, ಗೈರುಹಾಜರಿ ಎಂದೇ ಕಾಣುತ್ತದೆ.

ಕೊರೊನಾ ಬಂದು ಸ್ಕೂಲು ಮುಚ್ಚಿದಾಗ ನನ್ನ ಮಗಳು ಹತ್ತನೇ ಕ್ಲಾಸು. ನನ್ನದು ಬಟನ್ ಫೋನು. ಕ್ಲಾಸು ಬರುವಂಥ ಫೋನು ಮನೆಯಲ್ಲಿದ್ದದ್ದು ಅಣ್ಣನದೊಂದೇ. ನೆಟ್‌ವರ್ಕ್ ಸಿಗುತ್ತಿದ್ದದ್ದೋ ಗುಡ್ಡದ ಮೇಲಿನ ಪಂಪ್‌ಹೌಸ್ ಹತ್ತಿರ ಮಾತ್ರ. ಅಲ್ಲಿ ಆನೆ ಕಾಟ. ಹುಡುಗಿ ಒಬ್ಬಳನ್ನೇ ಹೇಗೆ ಕಳಿಸುವುದು? ಅಣ್ಣ ಕಾವಲಿಗೆ ಹೊರಟ. ನಮ್ಮ ಗ್ರಹಚಾರ ಶುರುವಾದದ್ದೇ ಅಲ್ಲಿಂದ!

ಮೊದಲ ದಿನ ಮಿಸ್ ಹೆಸರು ಕೂಗಿದರು. ಮಗಳು ಬಾಯಿ ತೆರೆಯುವ ಮೊದಲೇ ಇವನು ಗುಡ್ಡ ನಡುಗುವಂತೆ ಕಿರುಚಿದ: "ಬಂದಿದ್ದಾಳೆ ಮಿಸ್! ನಾನೇ ಕರ್ಕೊಂಡು ಬಂದಿದ್ದೀನಿ!"

"ಯಾರ್ರೀ ಅದು?"

"ರೈಟರ್!"

ಇಡೀ ಕ್ಲಾಸು ನಕ್ಕಿತಂತೆ. ಮಗಳು ಎರಡು ದಿನ ಅವನ ಜೊತೆ ಮಾತು ಬಿಟ್ಟಳು.

ಆಮೇಲೆ ನೋಟ್‌ಬುಕ್ಕು ಬಂತು. ಪಾಠದ ಮಧ್ಯೆ ನೆಟ್‌ವರ್ಕ್ ಹೋದರೆ, "ಮಿಸ್‌ಗೆ ಇವತ್ತು ಅರ್ಧ ದಿನ" ಎಂದು ಬರೆದುಕೊಳ್ಳುತ್ತಿದ್ದ.

"ಮಾವ, ಹೋಗಿದ್ದು ನೆಟ್‌ವರ್ಕು, ಮಿಸ್ ಅಲ್ಲ!"

"ಕಾರಣ ಎಲ್ಲರೂ ಹೇಳ್ತಾರೆ. ನಮ್ಮ ಆಳುಗಳು ಹೇಳಲ್ವಾ?"

ನಗುತ್ತಿದ್ದೀರಾ? ನಗಿ, ನಗಿ. ಮಳೆ ಹಿಡಿದ ಮೇಲೆ ನಮಗಂತೂ ನಗು ಬರಲಿಲ್ಲ. ಕರೆಂಟು ಹೋದರೆ ವಾರಗಟ್ಟಲೆ ಇಲ್ಲ, ಅದರ ಜೊತೆ ಟವರ್ರೂ ಸತ್ತಂತೆ. ಬೀಜಗಣಿತ ಶುರುವಾದದ್ದೂ ಗೊತ್ತಿಲ್ಲ, ಮುಗಿದದ್ದೂ ಗೊತ್ತಿಲ್ಲ. ಒಂದು ದಿನ ಮಗಳು ಪುಸ್ತಕ ಎಸೆದೇಬಿಟ್ಟಳು.

"ಇನ್ನು ನನ್ನ ಕೈಲಿ ಆಗಲ್ಲಮ್ಮ. ನಿನ್ನ ಜೊತೆ ತೋಟದ ಕೆಲಸಕ್ಕೆ ಬರ್ತೀನಿ."

ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ತೋಟಕ್ಕೆ ಹೋದವಳು ನಾನು. ಇವಳದೂ ಅದೇ ಗತಿಯಾಯಿತಲ್ಲಾ! ಅಣ್ಣ ಕೊಡೆ, ಫೋನು, ಎಸೆದ ಪುಸ್ತಕ ತೆಗೆದುಕೊಂಡು ಗುಡ್ಡ ಹತ್ತಿದ. ಮಗು ಅಳುತ್ತಿರುವಾಗ ಇವನಿಗೆ ಫೋನಿನ ಚಿಂತೆಯೇ! ಇವತ್ತು ಜನ್ಮ ಜಾಲಾಡಿಬಿಡಬೇಕೆಂದು ನಾನೂ ಹಿಂದೆಯೇ ಹೋದೆ.

ಪಂಪ್‌ಹೌಸ್ ಪಕ್ಕ ನಿಂತಿದ್ದ. ಹೇಗೋ ಚೂರು ಸಿಗ್ನಲ್ ಬಂದಿತ್ತು. ಫೋನಿಗೆ ಕೈ ಮುಗಿಯುವುದೊಂದು ಬಾಕಿ.

"ಮಿಸ್, ಆ ಲೆಕ್ಕ ಇನ್ನೊಂದ್ಸಲ ಹೇಳಿ. ಮಗುವಿಗಲ್ಲ, ನನಗೇ ಹೇಳಿಕೊಡಿ. ನೆಟ್‌ವರ್ಕ್ ಹೋದ್ರೂ ನಾನು ಮನೇಲೇ ಇರ್ತೀನಲ್ಲ."

ಬೈಯಲು ಬಂದವಳು ಅವನ ಪಕ್ಕಕ್ಕೆ ಹೋದೆ. ಅವನು ಬರೆದುಕೊಳ್ಳಲಿ ಎಂದು ಕೊಡೆ ತೆಗೆದುಕೊಂಡು ನಾನು ಹಿಡಿದೆ.